ಗೋಧಿ ಹಾಕಿದ ಮೇಲೆ ಮರಿಗಳ ಹಿಕ್ಕೆ ಅಂಟಂಟು: ಮನೆ ಫೀಡಿನ ತಪ್ಪೋ, ಮಳೆಯ ತಪ್ಪೋ?

ಕೋಡೂರು ಒಡ್ಡಿ · ಜುಲೈ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ಕೋಡೂರು ಕಡೆ. ತೋಟದ ಪಕ್ಕ ಸಣ್ಣ ಶೆಡ್ ಇದೆ. 120 ಗಿರಿರಾಜ ತಳಿಯ ಕೋಳಿಮರಿ, ಐದು ವಾರ ತುಂಬಿತು. ಅಂಗಳದಲ್ಲಿ ಓಡಾಡಿಕೊಂಡಿರುವ ದೊಡ್ಡ ಕೋಳಿ 25 ಇವೆ.

ಮೊದಲ ಮೂರು ವಾರ ಅಂಗಡಿ ಫೀಡ್ ಹಾಕಿದೆ. ಮರಿಗಳು ಚೆನ್ನಾಗಿಯೇ ಇದ್ದವು. ಆಮೇಲೆ ಮೂಟೆಯ ರೇಟ್ ನೋಡಿ ಇದು ನಮಗೆ ಆಗುವ ಕೆಲಸ ಅಲ್ಲ ಅನ್ನಿಸಿತು. ಅದೇ ಹೊತ್ತಿಗೆ ಶಿವಮೊಗ್ಗದಲ್ಲಿ ಒಂದು ಕಡೆ ಹಳೇ ಗೋಧಿ ಅಗ್ಗಕ್ಕೆ ಸಿಕ್ಕಿತು. ಸ್ವಲ್ಪ ಹುಳ ಇತ್ತು, ಜರಡಿ ಹಿಡಿದು ಹಿಟ್ಟಿನ ಗಿರಣಿಗೆ ಹಾಕಿಸಿದೆ. ಈಗ 100 ಕೆಜಿಗೆ ಹೀಗೆ ಕಲಸುತ್ತಿದ್ದೇನೆ: ಗೋಧಿ 40, ನುಚ್ಚಕ್ಕಿ 18, ತವುಡು 20, ಸೋಯಾ ಹಿಂಡಿ 14, ಒಣಮೀನಿನ ಪುಡಿ 5, ಮಿನರಲ್ ಮಿಕ್ಸ್ಚರ್ 2, ಚಿಪ್ಪಿನ ಪುಡಿ ಅರ್ಧ, ಉಪ್ಪು ಅರ್ಧ.

ಎಂಟು ಹತ್ತು ದಿನದಿಂದ ಹಿಕ್ಕೆ ಸರಿ ಇಲ್ಲ. ಹಿಂಭಾಗದ ಪುಕ್ಕಕ್ಕೆಲ್ಲ ಅಂಟಿಕೊಂಡು ಗಟ್ಟಿಯಾಗಿದೆ. ಹಾಸಿದ ಹೊಟ್ಟು ಹಸಿ. ತಿನ್ನುವುದೇನೋ ತಿನ್ನುತ್ತವೆ, ಮೈ ಮಾತ್ರ ಹಿಡಿಯುತ್ತಿಲ್ಲ. ನಿನ್ನೆ ಎರಡು ಸತ್ತವು. ದೊಡ್ಡ ಕೋಳಿಗೂ ಇದೇ ಫೀಡ್, ಅವಕ್ಕೆ ಏನೂ ಆಗಿಲ್ಲ! ಪುನರ್ವಸು ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ತಿಳಿದವರು ಹೇಳಿ.

ಸಂತೆ ಕೋಳಿ · ಜುಲೈ 9, ರಾತ್ರಿ 10:05

ಇದಕ್ಕೆ ಇಷ್ಟು ಉದ್ದ ಬರೆಯಬೇಕಾ ಅಣ್ಣ? ಔಷಧಿ ಅಂಗಡಿಯಲ್ಲಿ ಭೇದಿ ಪುಡಿ ಅಂದರೆ ಕೊಡುತ್ತಾರೆ. ನೀರಿಗೆ ಹಾಕಿ ಮೂರು ದಿನ ಕೊಡಿ. ನಾನು ಪ್ರತಿ ಬ್ಯಾಚಿಗೂ ಎರಡು ಸಲ ಕೊಡುತ್ತೇನೆ. 2,000 ಬ್ರಾಯ್ಲರ್, ಇವತ್ತಿನವರೆಗೆ ತೊಂದರೆ ಇಲ್ಲ.

ಆಗುಂಬೆ ಮಳೆ · ಜುಲೈ 9, ರಾತ್ರಿ 10:20

ನಮ್ಮಲ್ಲಿ ಮನುಷ್ಯರ ಬಟ್ಟೆಯೇ ಒಣಗುತ್ತಿಲ್ಲ ಮಾರಾಯ್ರೇ, ನೀವು ಕೋಳಿ ಹಿಕ್ಕೆ ಒಣಗಲಿಲ್ಲ ಅಂತೀರಿ. ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಬೀಳುವ ಊರಲ್ಲಿ ಕೂತು ಹೇಳುತ್ತಿದ್ದೇನೆ, ಆರಿದ್ರಾದಿಂದ ಆಶ್ಲೇಷದವರೆಗೆ ಕೋಳಿಗೆ ಗಟ್ಟಿ ಹಿಕ್ಕೆ ಅನ್ನೋದು ಪುರಾಣದ ಮಾತು.

ತಮಾಷೆ ಬಿಟ್ಟು ಹೇಳೋದಾದರೆ, ಗೋಧಿ ಹಿಟ್ಟು ಹಾಕಿದ್ದೀರಿ, ಅಂಟದೆ ಇನ್ನೇನಾಗುತ್ತದೆ? ಚಪಾತಿ ಹಿಟ್ಟು ಕೈಗೆ ಅಂಟುವ ಹಾಗೆ ಅಲ್ವಾ?

ಫೀಡ್ ಮಿಲ್ಲಿನವ · ಜುಲೈ 9, ರಾತ್ರಿ 11:15

ಅಂಟುವುದು ಗೋಧಿಯಿಂದಲೇ ಇರಬಹುದು, ಆದರೆ ಚಪಾತಿ ಲೆಕ್ಕ ಬೇರೆ. ಚಪಾತಿ ಹಿಟ್ಟು ಜಿಗುಟಾಗುವುದು ಗ್ಲುಟನ್ ಅನ್ನುವ ಪ್ರೋಟೀನಿನಿಂದ. ಅದನ್ನು ಕೋಳಿ ಜೀರ್ಣ ಮಾಡಿಕೊಳ್ಳುತ್ತದೆ. ಇಲ್ಲಿ ಕಾಟ ಕೊಡುವುದು ಗೋಧಿಯ ಕಾಳಿನ ಜೀವಕೋಶಗಳ ಗೋಡೆಯಲ್ಲಿರುವ ನಾರು. ಅರಾಬಿನೋಕ್ಸೈಲಾನ್ ಅಂತ ಹೆಸರು. ಬಾರ್ಲಿ, ಓಟ್ಸ್‌ನಲ್ಲಿ ಇದೇ ಕೆಲಸ ಮಾಡುವುದು ಬೀಟಾ ಗ್ಲೂಕಾನ್. ಇವುಗಳಲ್ಲಿ ನೀರಿನಲ್ಲಿ ಕರಗುವ ಒಂದು ಪಾಲು ಇದೆ. ಅದನ್ನು ಒಡೆಯುವ ಕಿಣ್ವ ಕೋಳಿಯ ಹೊಟ್ಟೆಯಲ್ಲಿ ಇಲ್ಲ.

ದಾಸವಾಳದ ಸೊಪ್ಪು ಕಿವುಚಿದರೆ ಲೋಳೆ ಬರುತ್ತದಲ್ಲ, ಕರುಳೊಳಗೆ ಹಾಗೆ ಆಗುತ್ತದೆ ಅಂದುಕೊಳ್ಳಿ. ತಿಂದದ್ದು ಆ ಲೋಳೆಯಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಮುಂದೆ ಹೋಗುತ್ತದೆ. ಜೀರ್ಣರಸ ಸರಿಯಾಗಿ ಬೆರೆಯುವುದಿಲ್ಲ, ಪಿಷ್ಟ ಮತ್ತು ಕೊಬ್ಬು ಒಂದಷ್ಟು ಹಾಗೆಯೇ ಉಳಿಯುತ್ತವೆ. ಕೋಳಿಗೆ ಸಿಗದೆ ಉಳಿದ ಊಟ ಬ್ಯಾಕ್ಟೀರಿಯಾಕ್ಕೆ ಹಬ್ಬ. ತಿನ್ನುತ್ತವೆ, ಮೈ ಹಿಡಿಯುತ್ತಿಲ್ಲ ಅಂದಿರಲ್ಲ, ಅದು ಇದಕ್ಕೆ ಸರಿಯಾಗಿ ಹೊಂದುತ್ತದೆ. ದೊಡ್ಡ ಕೋಳಿಗಳ ಕರುಳು ಬಲಿತಿರುತ್ತದೆ, ತಡೆದುಕೊಳ್ಳುತ್ತವೆ. ನಿಮ್ಮವು ಹೇಗೂ ಅಂಗಳದಲ್ಲಿ ಹುಳ, ಹುಲ್ಲು, ಕಲ್ಲು ಹೆಕ್ಕಿಕೊಂಡು ತಿರುಗುತ್ತವೆ.

ಮೆಕ್ಕೆಜೋಳ, ಅಕ್ಕಿಯಲ್ಲಿ ಕರಗುವ ನಾರು ತೀರಾ ಕಡಿಮೆ. ನಮ್ಮ ದೇಶದ ಕೋಳಿ ಫೀಡು ಮೆಕ್ಕೆಜೋಳ, ಸೋಯಾ ಮೇಲೆ ನಿಂತಿರುವುದರಿಂದ ಈ ಅಂಟಿನ ಕಾಟ ನಮ್ಮ ಕಡೆ ಹೆಚ್ಚು ಕೇಳಿಬರುವುದಿಲ್ಲ. ಗೋಧಿಯನ್ನೇ ಮುಖ್ಯವಾಗಿ ಹಾಕುವ ಯುರೋಪಿನಲ್ಲಿ ಕ್ಸೈಲನೇಸ್ ಕಿಣ್ವ ಸೇರಿಸುವುದು ಮಾಮೂಲಿ. ಅದು ಆ ಉದ್ದನೆಯ ನಾರನ್ನು ತುಂಡು ಮಾಡಿ ಲೋಳೆ ಇಳಿಸುತ್ತದೆ.

ಇನ್ನೊಂದು ಪ್ರಶ್ನೆ. ಅಂಗಡಿ ಫೀಡಿನ ಮೂಟೆ ಬಾಯಿಗೆ ಹೊಲಿದ ಚೀಟಿ ಇಟ್ಟುಕೊಂಡಿದ್ದೀರಾ? ಅದರಲ್ಲಿ ಸಾಲಿನೋಮೈಸಿನ್, ಮದುರಾಮೈಸಿನ್, ಮೊನೆನ್ಸಿನ್ ಅಂತ ಏನಾದರೂ ಇದೆಯಾ ನೋಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪಶುವೈದ್ಯ ವಿದ್ಯಾರ್ಥಿನಿ · ಜುಲೈ 10, ಬೆಳಿಗ್ಗೆ 6:50

ನಾನು ಶಿವಮೊಗ್ಗ ವೆಟರ್ನರಿ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದೇನೆ. ಡಾಕ್ಟರ್ ಅಲ್ಲ, ಆದ್ದರಿಂದ ಮದ್ದು ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇನೆ.

ಹಿಕ್ಕೆ ಅಂಟೋ, ನೀರೋ? ಎರಡೂ ಒಂದೇ ಅಲ್ಲ. ಇವತ್ತು ರಾತ್ರಿ ಮರಿಗಳು ಮಲಗುವ ಜಾಗದ ಒಂದು ಮೂಲೆಯಲ್ಲಿ ಹಳೇ ಪೇಪರ್ ಹಾಸಿ. ಬೆಳಿಗ್ಗೆ ನೋಡಿ. ಸರಿಯಾದ ಹಿಕ್ಕೆ ಉಂಡೆಯಾಗಿ, ಮೇಲೆ ಬಿಳಿ ಟೋಪಿ ಇಟ್ಟ ಹಾಗೆ ಇರುತ್ತದೆ. ಸುತ್ತ ನೀರಿನ ಉಂಗುರ ದೊಡ್ಡದಾಗಿದ್ದರೆ ಕೋಳಿ ನೀರು ಜಾಸ್ತಿ ಕುಡಿಯುತ್ತಿದೆ. ಪೇಪರಿಗೆ ಅಂಟಿ ಎತ್ತಿದರೆ ಎಳೆಯಂತೆ ಬಂದರೆ ಗೋಧಿ ಮೇಲೆ ಅನುಮಾನ. ಕಿತ್ತಳೆ ಬಣ್ಣದ ಲೋಳೆ ಅಥವಾ ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಡುನಡುವೆ ಚಾಕೊಲೇಟ್ ಪೇಸ್ಟಿನಂಥದ್ದು, ಕೆಟ್ಟ ವಾಸನೆಯದು ಕಾಣುತ್ತದೆ. ಅದನ್ನು ನೋಡಿ ಹೆದರಬೇಡಿ. ಅದು ಕುರುಡು ಕರುಳಿನಿಂದ (ಸಣ್ಣ ಕರುಳು ಮುಗಿಯುವಲ್ಲಿ ಇರುವ ಜೋಡಿ ಚೀಲ) ಬರುವ ಹಿಕ್ಕೆ, ಆರೋಗ್ಯವಾದ ಕೋಳಿಯೂ ದಿನಕ್ಕೆ ಕೆಲವು ಸಲ ಹಾಕುತ್ತದೆ. ಅದನ್ನೇ ಭೇದಿ ಅಂದುಕೊಂಡು ಪುಡಿ ತರುವವರು ತುಂಬಾ ಜನ.

ಸಂತೆ ಕೋಳಿಯವರೇ, ಪ್ರತಿ ಬ್ಯಾಚಿಗೂ ಅಂದರೆ ರೋಗ ಇರಲಿ ಇಲ್ಲದಿರಲಿ ಅಂತ ತಾನೆ? ಆ ಪುಡಿಯ ಮೇಲೆ ಏನು ಬರೆದಿದೆ?

ಸಂತೆ ಕೋಳಿ · ಜುಲೈ 10, ಬೆಳಿಗ್ಗೆ 8:10

ಡಬ್ಬಿ ಮೇಲೆ ಚೀಟಿ ಹರಿದಿದೆ. ಮೊದಲು ಕೊಲಿಸ್ಟಿನ್ ಕೊಡುತ್ತಿದ್ದರು, ಈಗ ಅದು ಬರುವುದಿಲ್ಲ ಅಂತ ಬೇರೆ ಕೊಟ್ಟರು.

ಪಶುವೈದ್ಯ ವಿದ್ಯಾರ್ಥಿನಿ · ಜುಲೈ 10, ಬೆಳಿಗ್ಗೆ 8:25

ಬರುವುದಿಲ್ಲ ಅಲ್ಲ, ನಿಷೇಧ. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೋಳಿ, ಮೀನು, ಜಾನುವಾರುಗಳಿಗೆ ಕೊಲಿಸ್ಟಿನ್ ತಯಾರಿಸುವುದು, ಮಾರುವುದು ಎಲ್ಲ ನಿಲ್ಲಿಸಿತು. ಆಸ್ಪತ್ರೆಯಲ್ಲಿ ಬೇರೆ ಯಾವ ಆಂಟಿಬಯೋಟಿಕ್ಕೂ ಕೆಲಸ ಮಾಡದ ರೋಗಿಗೆ ಕೊನೆಗೆ ಉಳಿಯುವ ಮದ್ದು ಅದು. ಅದನ್ನು ನಾವು ಕೋಳಿ ಬೇಗ ಬೆಳೆಯಲಿ ಅಂತ ಫೀಡಿಗೆ ಬೆರೆಸುತ್ತಿದ್ದೆವು! ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಹಾಕುವುದನ್ನು ನಿಲ್ಲಿಸಿತು. ಇಡೀ ಯುರೋಪಿಯನ್ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿತು.

ಸಂತೆ ಕೋಳಿ · ಜುಲೈ 10, ಬೆಳಿಗ್ಗೆ 8:40

ಸ್ವೀಡನ್ ಮಾತು ಚೆನ್ನಾಗಿದೆ ತಂಗಿ. ನಿಮ್ಮ ಕ್ಲಾಸಿನಲ್ಲಿ ಕೋಳಿ ಸತ್ತರೆ ಪಾಠ ಆಗುತ್ತದೆ, ನನ್ನ ಶೆಡ್ಡಿನಲ್ಲಿ ಸತ್ತರೆ ಸಾಲ ಆಗುತ್ತದೆ. ಅಷ್ಟೇ ವ್ಯತ್ಯಾಸ.

ಹಳೇ ಡಾಕ್ಟ್ರು · ಜುಲೈ 10, ಮಧ್ಯಾಹ್ನ 1:30

ಇಬ್ಬರೂ ಸ್ವಲ್ಪ ತಡೆಯಿರಿ. ನಾನು ಮಲೆನಾಡಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು.

ಸಾಲದ ಮಾತು ಸುಳ್ಳಲ್ಲ. ಆದರೆ ಐದು ವಾರದ ಮರಿ, ಹಸಿ ಹೊಟ್ಟು, ಬಿಡದ ಮಳೆ, ಎರಡು ಸಾವು ಅಂದರೆ ನನ್ನ ಮೊದಲ ಅನುಮಾನ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಅದನ್ನು ತರುವುದು ಐಮೇರಿಯಾ ಅನ್ನುವ ಏಕಕೋಶ ಜೀವಿ, ಬ್ಯಾಕ್ಟೀರಿಯಾ ಅಲ್ಲ. ಕೊಲಿಸ್ಟಿನ್‌ನಂಥ ಪುಡಿ ಅದರ ರೋಮವನ್ನೂ ಅಲ್ಲಾಡಿಸುವುದಿಲ್ಲ. ಕೋಳಿಯಲ್ಲಿ ಏಳು ಜಾತಿಯ ಐಮೇರಿಯಾ ಇವೆ, ಒಂದೊಂದಕ್ಕೂ ಕರುಳಿನಲ್ಲಿ ಅದರದೇ ಜಾಗ. ಕುರುಡು ಕರುಳಿನಲ್ಲಿ ರಕ್ತ ಸುರಿಸುವುದು ಟೆನೆಲ್ಲಾ ಅನ್ನುವ ಜಾತಿ. ಹಿಕ್ಕೆಯಲ್ಲಿ ಹೊರಬಿದ್ದ ಮೊಟ್ಟೆಗೆ ತೇವ, ಬೆಚ್ಚಗಿನ ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ರೋಗ ಹರಡಲು ತಯಾರಾಗುತ್ತದೆ. ಜುಲೈ ತಿಂಗಳ ಮಲೆನಾಡಿನ ಶೆಡ್ಡಿಗಿಂತ ಒಳ್ಳೆಯ ಜಾಗ ಅದಕ್ಕೆ ಬೇಕೆ?

ಫೀಡ್ ಮಿಲ್ಲಿನವರು ಚೀಟಿ ಕೇಳಿದ್ದು ಇದಕ್ಕೇ ಅಂತ ಕಾಣುತ್ತದೆ. ಸತ್ತ ಮರಿ ಇದ್ದರೆ ಒಂದನ್ನು, ಜೊತೆಗೆ ಹೊಸ ಹಿಕ್ಕೆಯನ್ನು ಶುಚಿಯಾದ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ. ಮೈಕ್ರೋಸ್ಕೋಪಿನಲ್ಲಿ ಹತ್ತು ನಿಮಿಷದ ಕೆಲಸ.

ಫೀಡ್ ಮಿಲ್ಲಿನವ · ಜುಲೈ 10, ಮಧ್ಯಾಹ್ನ 2:10

ಹೌದು ಡಾಕ್ಟ್ರೇ, ಅದಕ್ಕೇ ಕೇಳಿದ್ದು. ಮರಿ ಫೀಡಿಗೆ ರಕ್ತಭೇದಿ ತಡೆಯುವ ಮದ್ದನ್ನು ಸಾಮಾನ್ಯವಾಗಿ ಮೊದಲೇ ಬೆರೆಸಿರುತ್ತಾರೆ. ಮೂರನೇ ವಾರಕ್ಕೆ ಇವರು ಫೀಡ್ ಬಿಟ್ಟರು, ಜೊತೆಗೆ ಆ ಮದ್ದೂ ಹೋಯಿತು. ಮೂರರಿಂದ ಆರು ವಾರ ಅಂದರೆ ಈ ರೋಗ ಕಾಲಿಡುವ ವಯಸ್ಸು. ಬೇಲಿ ಕಿತ್ತ ದಿನವೇ ಹಂದಿ ಬಂದ ಹಾಗೆ.

ಸಂದರ್ಭ ಬಂತು ಅಂತ ಹೇಳುತ್ತೇನೆ: ಈ ಮದ್ದು ಬೆರೆಸಿದ ಕೋಳಿ ಫೀಡ್ ಉಳಿದರೆ ದನಕ್ಕೆ ಹಾಕಬೇಡಿ. ಕುದುರೆಗಂತೂ ಅದು ವಿಷ.

ಅಟ್ಟದ ಅಕ್ಕ · ಜುಲೈ 10, ಸಂಜೆ 4:45

ತೀರ್ಥಹಳ್ಳಿ ಹತ್ತಿರದವಳು. ನನಗೆ ಇಷ್ಟೆಲ್ಲ ಹೆಸರು ಗೊತ್ತಿಲ್ಲ. ಮೂವತ್ತು ವರ್ಷದಿಂದ ನಾಟಿ ಕೋಳಿ ಸಾಕಿದ್ದೇನೆ. ಮಳೆಗಾಲದಲ್ಲಿ ಮರಿಗೆ ಅರಿಶಿನ, ಓಮಿನಕಾಳು ಅರೆದು ನುಚ್ಚಿಗೆ ಕಲಸಿ ಕೊಡುತ್ತೇನೆ. ದೊಡ್ಡಪತ್ರೆ ಸೊಪ್ಪು ಹೆಚ್ಚಿ ಹಾಕುತ್ತೇನೆ. ವಾರಕ್ಕೊಂದು ಸಲ ನೀರು ಮಜ್ಜಿಗೆ. ಒಡ್ಡಿಯ ನೆಲಕ್ಕೆ ಒಲೆ ಬೂದಿ.

ಮತ್ತೆ ಒಂದು ವಿಷಯ. ನಮ್ಮಲ್ಲಿ ಹೇಂಟೆ ಕಾವಿಗೆ ಕೂತು ಮಾಡಿದ ಮರಿಗೆ ಈ ಕಾಯಿಲೆ ಅಪರೂಪ. ಪೇಟೆಯಿಂದ ಬುಟ್ಟಿಯಲ್ಲಿ ತಂದ ಮರಿಗೆ ಯಾವಾಗಲೂ ಏನಾದರೊಂದು. ಯಾಕೆ ಹಾಗೆ?

ಹಳೇ ಡಾಕ್ಟ್ರು · ಜುಲೈ 10, ಸಂಜೆ 6:00

ಅಕ್ಕ, ನೀವು ಕೇಳಿದ್ದು ಈ ಚರ್ಚೆಯ ಒಳ್ಳೆಯ ಪ್ರಶ್ನೆ. ಮೊಟ್ಟೆಯಿಂದ ಹೊರಬಂದ ಮರಿಯ ಕರುಳು ಹೆಚ್ಚುಕಡಿಮೆ ಖಾಲಿ ಮನೆ. ತಾಯಿ ಕೋಳಿಯ ಜೊತೆ ಕೆದಕಿಕೊಂಡು ಬೆಳೆದರೆ ತಾಯಿಯ ಹಿಕ್ಕೆ, ಮಣ್ಣು, ಕೊಕ್ಕು ಎಲ್ಲದರಿಂದ ಒಳ್ಳೆಯ ಸೂಕ್ಷ್ಮಜೀವಿಗಳು ಬೇಗ ಬಂದು ಜಾಗ ಹಿಡಿಯುತ್ತವೆ. ಆಮೇಲೆ ಬರುವ ಕೆಟ್ಟದ್ದಕ್ಕೆ ಕೂರಲು ಜಾಗ ಇರುವುದಿಲ್ಲ. ಯಂತ್ರದಲ್ಲಿ ಮರಿ ಮಾಡಿದರೆ ಆ ತಾಯಿಯೇ ಇಲ್ಲ. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬಿಬ್ಬರು ಬೆಳೆದ ಕೋಳಿಯ ಕರುಳಿನ ಪದಾರ್ಥವನ್ನು ಎಳೆ ಮರಿಗಳಿಗೆ ಕುಡಿಸಿ, ಅವು ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ ಎಂದು ತೋರಿಸಿದರು. ಈಗ ಪ್ಯಾಕೆಟ್ಟಿನಲ್ಲಿ ಬರುವ ಪ್ರೋಬಯೋಟಿಕ್‌ನ ಹಿಂದೆಯೂ ಅದೇ ಯೋಚನೆ ಇದೆ. ಆದರೆ ಇದು ಬ್ಯಾಕ್ಟೀರಿಯಾದ ಮಾತು. ರಕ್ತಭೇದಿಗೆ ನಿಮ್ಮ ಮರಿಗಳು ತಡೆದುಕೊಳ್ಳುವುದಕ್ಕೆ ಬೇರೆ ಕಾರಣವೂ ಇದೆ: ಬಯಲಲ್ಲಿ ದಿನಾ ಸ್ವಲ್ಪ ಸ್ವಲ್ಪ ತಗುಲಿ ಮೈ ಪಳಗುತ್ತದೆ. ಶೆಡ್ಡಿನಲ್ಲಿ ಒಮ್ಮೆಲೇ ರಾಶಿ ತಗುಲುತ್ತದೆ.

ಓಮಿನಕಾಳಿನಲ್ಲಿ ಕ್ರಿಮಿ ತಡೆಯುವ ಥೈಮಾಲ್ ಇದೆ, ದೊಡ್ಡಪತ್ರೆಯಲ್ಲಿ ಅಂಥದ್ದೇ ಕಾರ್ವಕ್ರಾಲ್. ಕಂಪನಿಗಳು ಗಿಡಮೂಲಿಕೆ ಎಣ್ಣೆ ಅಂತ ಮಾರುವ ಎಷ್ಟೋ ಪುಡಿಯಲ್ಲಿ ಇರುವುದು ಈ ಎರಡೇ. ಆದರೆ ಒಂದು ಹಿಡಿ ಸೊಪ್ಪಿನಲ್ಲಿ ಎಷ್ಟು ಇದೆ ಅಂತ ಅಳೆಯುವವರು ಯಾರು? ದಿನನಿತ್ಯ ಕೊಡಿ, ಬೇಡ ಅನ್ನುವುದಿಲ್ಲ. ರಕ್ತ ಬೀಳುವ ಮರಿಗೆ ಅದನ್ನೇ ನಂಬಿ ಕೂರಬೇಡಿ. ಮಜ್ಜಿಗೆಯೂ ಅಷ್ಟೆ, ಹದವಾಗಿರಲಿ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕೋಳಿಗೆ ಇಲ್ಲ. ಜಾಸ್ತಿಯಾದರೆ ಅದೇ ಭೇದಿ ತರುತ್ತದೆ.

ಆಗುಂಬೆ ಮಳೆ · ಜುಲೈ 10, ರಾತ್ರಿ 8:15

ನಮ್ಮಜ್ಜ ಕೋಳಿ ನೀರಿಗೆ ಮೈಲುತುತ್ತದ ಹರಳು ಹಾಕುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಉಳಿದದ್ದು ನಮ್ಮ ಕೊಟ್ಟಿಗೆಯಲ್ಲಿ ಎರಡು ಕೆಜಿ ಬಿದ್ದಿದೆ. ಕೋಡೂರಿನವರಿಗೆ ಕಳಿಸಲಾ?

ಹಳೇ ಡಾಕ್ಟ್ರು · ಜುಲೈ 10, ರಾತ್ರಿ 8:50

ತೋಟದಲ್ಲೇ ಇರಲಿ. ಕತ್ತಿನ ಚೀಲದಲ್ಲಿ ಬೂಷ್ಟು ಬೆಳೆದಾಗ ಅದನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಡುವ ಕ್ರಮ ಇತ್ತು. ಹರಳು ಲೆಕ್ಕದಲ್ಲಿ ಹಾಕಿದರೆ ಕಲ್ಲಿನಿಂದ ಕಾಳು ಅರೆಯುವ ಹೊಟ್ಟೆಯ ಒಳಪದರ ಸುಟ್ಟು ಹುಣ್ಣಾಗುತ್ತದೆ. ತಗಡಿನ ನೀರಿನ ಬಟ್ಟಲೂ ತೂತಾಗುತ್ತದೆ.

ಕೋಡೂರು ಒಡ್ಡಿ · ಜುಲೈ 11, ರಾತ್ರಿ 9:00

ನಿಧಾನಕ್ಕೆ ಉತ್ತರಿಸುತ್ತೇನೆ, ಇಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ.

ಪೇಪರ್ ಹಾಸಿದೆ. ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತು ಹಿಕ್ಕೆ ಓದಿದೆವು. ಒಟ್ಟು 31 ಲೆಕ್ಕ ಹಾಕಿದೆ. ಅದರಲ್ಲಿ ಅಂಟಂಟಾಗಿ ಎಳೆ ಬಂದದ್ದು 14. ಸುತ್ತ ನೀರು ಹರಡಿ ಪೇಪರ್ ತೂತಾದದ್ದು 9. ಬಿಳಿ ಟೋಪಿ ಇಟ್ಟ ಒಳ್ಳೆಯದು 5 ಮಾತ್ರ. ಚಾಕೊಲೇಟ್ ಥರದ್ದು 2. ಒಂದರಲ್ಲಿ ಕೆಂಪು.

ಆ ಕೆಂಪು ನೋಡಿದ ಮೇಲೆ ಕಾಯಲಿಲ್ಲ. ಬೆಳಿಗ್ಗೆ ಇನ್ನೊಂದು ಮರಿ ಸತ್ತಿತ್ತು, ಅದನ್ನೂ ಹಿಕ್ಕೆಯನ್ನೂ ಆಸ್ಪತ್ರೆಗೆ ಒಯ್ದೆ. ಡಾಕ್ಟರ್ ನನ್ನ ಎದುರೇ ಕೊಯ್ದರು. ಕುರುಡು ಕರುಳು ಎರಡೂ ಊದಿ, ಕಡು ಕೆಂಪು. ಒಳಗೆ ಹೆಪ್ಪುಗಟ್ಟಿದ ರಕ್ತ. ಸಣ್ಣ ಕರುಳು ಉಬ್ಬಿದ ಬಲೂನಿನ ಹಾಗೆ, ಒಳಗೆ ಗಂಜಿಯಂಥ ಅಂಟು. ಆಮೇಲೆ ಕಲ್ಲಿರಬೇಕಾದ ಹೊಟ್ಟೆ ಕೊಯ್ದು ನನ್ನ ಕೈಗೆ ಕೊಟ್ಟರು. ಮೆತ್ತಗೆ, ತೆಳ್ಳಗೆ, ನನ್ನ ಹೆಬ್ಬೆರಳಿನಷ್ಟು. ಒಂದೇ ಒಂದು ಕಲ್ಲಿಲ್ಲ. 'ಹಿಟ್ಟು ಹಾಕಿ ಸಾಕಿದ್ದೀರಿ, ಇದಕ್ಕೆ ಕೆಲಸವೇ ಇಲ್ಲ' ಅಂದರು.

ರಕ್ತಭೇದಿಗೆ ಆಂಪ್ರೋಲಿಯಂ ಅನ್ನುವ ಮದ್ದು ಬರೆದುಕೊಟ್ಟಿದ್ದಾರೆ, ನೀರಿಗೆ. ಮನೆಯಲ್ಲಿ ಬಿ ಕಾಂಪ್ಲೆಕ್ಸ್ ಟಾನಿಕ್ ಇತ್ತು, ಶಕ್ತಿಗೆ ಇರಲಿ ಅಂತ ಅದನ್ನೂ ಸೇರಿಸಿದ್ದೇನೆ. ಮೂಟೆಯ ಚೀಟಿ ಸಿಕ್ಕಿತು, ಸಾಲಿನೋಮೈಸಿನ್ ಅಂತಲೇ ಇದೆ.

ಪಶುವೈದ್ಯ ವಿದ್ಯಾರ್ಥಿನಿ · ಜುಲೈ 11, ರಾತ್ರಿ 9:08

ಅಣ್ಣ, ಆ ಟಾನಿಕ್ ಈಗಲೇ ಚೆಲ್ಲಿ! ಆಂಪ್ರೋಲಿಯಂ ನೋಡಲು ಬಿ1 ವಿಟಮಿನ್ ಥರವೇ ಇರುತ್ತದೆ. ಐಮೇರಿಯಾ ಅದನ್ನು ವಿಟಮಿನ್ ಅಂತ ಮೋಸಹೋಗಿ ಒಳಗೆ ಸೇರಿಸಿಕೊಂಡು ಹಸಿದು ಸಾಯುತ್ತದೆ. ಅದೇ ನೀರಿಗೆ ನೀವು ನಿಜವಾದ ಬಿ1 ಹಾಕಿದರೆ ಮದ್ದು ನೀರಿಗೆ ಹಾಕಿದ್ದು ವ್ಯರ್ಥ. ಕೋರ್ಸ್ ಮುಗಿದ ಮೇಲೆ ವಿಟಮಿನ್ ಕೊಡಿ.

ಕೋಡೂರು ಒಡ್ಡಿ · ಜುಲೈ 11, ರಾತ್ರಿ 9:20

ಚೆಲ್ಲಿ ಬಂದೆ. ಈ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ಚೆಲ್ಲಿ ಬಂದೆ ತಂಗಿ.

ಫೀಡ್ ಮಿಲ್ಲಿನವ · ಜುಲೈ 11, ರಾತ್ರಿ 10:30

ನೀರಿನ ಉಂಗುರ 9 ಅಂದಿರಲ್ಲ, ಅದಕ್ಕೆ ನನ್ನ ಬಳಿ ಬೇರೆ ಕಳ್ಳ ಇದ್ದಾನೆ. ನಿಮ್ಮ ಒಣಮೀನು ಎಂಥದ್ದು? ಕರಾವಳಿಯಿಂದ ಬರುವ ಉಪ್ಪು ಹಾಕಿ ಒಣಗಿಸಿದ್ದಾದರೆ, ಅದರಲ್ಲಿ ನೂರಕ್ಕೆ 15 ಉಪ್ಪು ಅಂತ ಹಿಡಿದರೂ 5 ಕೆಜಿಯಲ್ಲಿ ಮುಕ್ಕಾಲು ಕೆಜಿ ಉಪ್ಪು ಬಂತು. ಮೇಲೆ ನೀವು ಅರ್ಧ ಕೆಜಿ ಹಾಕಿದ್ದೀರಿ. ಒಟ್ಟು ಒಂದೂಕಾಲು. 100 ಕೆಜಿ ಫೀಡಿಗೆ ಬೇಕಾಗುವುದು ಹೆಚ್ಚುಕಡಿಮೆ 300 ಗ್ರಾಂ. ಕುಡಿದು ಕುಡಿದು ನೀರನ್ನೇ ಹಾಕುತ್ತವೆ, ಹೊಟ್ಟು ಹಸಿಯಾಗುತ್ತದೆ. ಹಸಿಯಾದರೆ ಐಮೇರಿಯಾಕ್ಕೆ ತೊಟ್ಟಿಲು ತೂಗಿದ ಹಾಗೆ. ಅಂದರೆ ಉಪ್ಪು, ಗೋಧಿ, ಮಳೆ ಮೂರೂ ಸೇರಿ ಒಂದೇ ಕೆಲಸ ಮಾಡಿವೆ.

ಇನ್ನು ತವುಡು. ಬೆಳ್ತಿಗೆ ಅಕ್ಕಿಯ ಹಸಿ ತವುಡಾದರೆ ಗಿರಣಿಯಿಂದ ತಂದ ಕೆಲವೇ ದಿನದಲ್ಲಿ ಅದರ ಎಣ್ಣೆ ಕಮಟುತ್ತದೆ. ಮೂಸಿ ನೋಡಿ, ಹಳೇ ಕೊಬ್ಬರಿ ವಾಸನೆ ಬಂದರೆ ದನದ ಕಡೆಗೂ ಬೇಡ. ಕುಚ್ಚಲಕ್ಕಿಯ ತವುಡು ಬೇಯಿಸಿದ ಭತ್ತದ್ದಾದ್ದರಿಂದ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ. ಮತ್ತೆ ತವುಡಿನಲ್ಲಿ ರಂಜಕ (ಫಾಸ್ಫರಸ್) ತುಂಬಾ ಇದೆ, ಆದರೆ ಅದರ ಬಹುಪಾಲು ಫೈಟೇಟ್ ರೂಪದಲ್ಲಿ ಬೀಗ ಹಾಕಿ ಕೂತಿದೆ. ಆ ಬೀಗ ತೆಗೆಯುವ ಕಿಣ್ವ ಫೈಟೇಸ್. ಕ್ಸೈಲನೇಸ್ ಜೊತೆ ಸೇರಿಸಿದ ಪ್ಯಾಕೆಟ್ಟೇ ಸಿಗುತ್ತದೆ. ಆದರೆ 120 ಮರಿಗೆ ಒಂದು ಕೆಜಿ ಪ್ಯಾಕೆಟ್ ತಂದರೆ ಮುಗಿಯುವ ಹೊತ್ತಿಗೆ ಮರಿಗಳ ಮೊಮ್ಮಕ್ಕಳು ಬಂದಿರುತ್ತವೆ. ಹತ್ತಿರದ ನಾಲ್ಕು ಜನ ಹಂಚಿಕೊಳ್ಳಿ. ಕಲಸುವಾಗ ಚಮಚದಷ್ಟನ್ನು ನೇರ ರಾಶಿಗೆ ಉದುರಿಸಬೇಡಿ. ಮೊದಲು ಒಂದು ಕೆಜಿ ತವುಡಿನಲ್ಲಿ, ಆಮೇಲೆ ಹತ್ತು ಕೆಜಿಯಲ್ಲಿ, ಆಮೇಲೆ ಪೂರ್ತಿ ರಾಶಿಯಲ್ಲಿ.

ಸದ್ಯಕ್ಕೆ ಗೋಧಿಯನ್ನು 40ರಿಂದ 10ಕ್ಕೆ ಇಳಿಸಿ. ಅದನ್ನೂ ಹಿಟ್ಟು ಮಾಡಬೇಡಿ, ಮರಿ ಚೇತರಿಸಿಕೊಂಡ ಮೇಲೆ ಒಡಕಲಾಗಿ ಅಥವಾ ಇಡೀ ಕಾಳಾಗಿ ಕೊಡಿ, ಜೊತೆಗೆ ಸಣ್ಣ ಕಲ್ಲು. ಆ ಮೆತ್ತಗಿನ ಹೊಟ್ಟೆಗೆ ಅರೆಯುವ ಕೆಲಸ ಸಿಕ್ಕರೆ ಗಟ್ಟಿಯಾಗುತ್ತದೆ. ಹೊಟ್ಟೆಯ ಹುಳಿ ಸರಿಯಾಗಿ ಬೆರೆಯುತ್ತದೆ, ಕೆಟ್ಟ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತದೆ. ಉಳಿದ ಜಾಗಕ್ಕೆ ನುಚ್ಚು, ಮೆಕ್ಕೆಜೋಳ. ನುಚ್ಚು ಸುಲಭವಾಗಿ ಜೀರ್ಣವಾಗುತ್ತದೆ, ಆದರೆ ಪ್ರೋಟೀನ್ ನೂರಕ್ಕೆ 8ರ ಹತ್ತಿರ ಅಷ್ಟೆ. ಸೋಯಾ ಹಿಂಡಿ ಏರಿಸಲೇಬೇಕು.

ಸೊರಬದ ಗೋವಿನಜೋಳ · ಜುಲೈ 12, ಬೆಳಿಗ್ಗೆ 7:30

ಮೆಕ್ಕೆಜೋಳ ಅಂತ ಹೇಳಿ ಬಿಟ್ಟುಬಿಟ್ಟಿರಿ. ಬೆಳೆಯುವವನಾಗಿ ಒಂದು ಮಾತು. ಕೊಯ್ಲಿನ ಹೊತ್ತಿಗೆ ಮಳೆ ಸಿಕ್ಕಿದ ಜೋಳ, ಸರಿಯಾಗಿ ಒಣಗದೆ ಮೂಟೆಗೆ ಹೋದ ಜೋಳ ಈಗ ಜುಲೈನಲ್ಲಿ ಅಗ್ಗಕ್ಕೆ ಹೊರಬರುತ್ತದೆ. ಬುಡದಲ್ಲಿ ಹಸಿರು, ಬೂದಿ ಬಣ್ಣದ ಬೂಷ್ಟು ಇದ್ದರೆ ಮುಟ್ಟಬೇಡಿ.

ತೇವ ನೋಡಲು ಮಷೀನ್ ಬೇಡ. ಒಣಗಿದ ಗಾಜಿನ ಬಾಟ್ಲಿಗೆ ಮೂರನೇ ಒಂದು ಭಾಗ ಕಾಳು ಹಾಕಿ. ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಎರಡು ಮೂರು ಚಮಚ ಹಾಕಿ. ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ನೂರಕ್ಕೆ 15ಕ್ಕಿಂತ ಜಾಸ್ತಿ. ಅಂಥ ಜೋಳ ಮಲೆನಾಡಿನ ಕೋಣೆಯಲ್ಲಿ ಒಂದು ತಿಂಗಳೂ ಉಳಿಯುವುದಿಲ್ಲ. ಉಪ್ಪು ಉದುರಿದರೆ ತಗೊಳ್ಳಿ.

ಅಟ್ಟದ ಅಕ್ಕ · ಜುಲೈ 12, ಬೆಳಿಗ್ಗೆ 9:10

ಬೂಷ್ಟು ಬಂದದ್ದನ್ನು ಅಡಿಕೆ ಡ್ರೈಯರಿನಲ್ಲಿ ಒಣಗಿಸಿ ಹುರಿದು ಹಾಕಿದರೆ ಆಗುವುದಿಲ್ಲವಾ?

ಹಳೇ ಡಾಕ್ಟ್ರು · ಜುಲೈ 12, ಬೆಳಿಗ್ಗೆ 10:00

ಆಗುವುದಿಲ್ಲ ಅಕ್ಕ. ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಸಾಯುವುದಿಲ್ಲ. ಅಫ್ಲಾಟಾಕ್ಸಿನ್ ಒಲೆಯ ಬೆಂಕಿಗೆ ಬಗ್ಗುವುದಿಲ್ಲ. ಬೂಷ್ಟು ಬರುವ ಮೊದಲು ಒಣಗಿಸುವುದಾದರೆ ಡ್ರೈಯರ್ ಬಂಗಾರ. ಕಂಪನಿಯವರು ಟಾಕ್ಸಿನ್ ಬೈಂಡರ್ ಅಂತ ಮಾರುತ್ತಾರೆ. ಬೆಂಟೋನೈಟ್ ಥರದ ಜೇಡಿಮಣ್ಣು ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿ ಹಿಡಿದುಕೊಂಡು ಹಿಕ್ಕೆಯಲ್ಲಿ ಹೊರಗೆ ಒಯ್ಯುತ್ತದೆ. ಬೇರೆ ಬೂಷ್ಟುಗಳ ವಿಷ, ಟಿ-2 ಅಂಥದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಬೈಂಡರ್ ಇದೆ ಅಂತ ಬೂಷ್ಟು ಜೋಳ ಕೊಳ್ಳುವುದು, ಕೊಡೆ ಇದೆ ಅಂತ ಹೊಳೆಗೆ ಇಳಿದ ಹಾಗೆ.

ಸಂತೆ ಕೋಳಿ · ಜುಲೈ 13, ರಾತ್ರಿ 9:30

ಮೂರು ದಿನದಿಂದ ಸುಮ್ನೆ ಓದುತ್ತಿದ್ದೆ. ಒಂದು ಪ್ರಶ್ನೆ ಡಾಕ್ಟ್ರೇ. ಹೋದ ಬ್ಯಾಚಿನಲ್ಲಿ 24ನೇ ದಿನ ಇದ್ದಕ್ಕಿದ್ದ ಹಾಗೆ ಒಂದೇ ದಿನ 40 ಕೋಳಿ ಹೋದವು. ಒಂದನ್ನು ಕೊಯ್ದರೆ ಸಣ್ಣ ಕರುಳಿನ ಒಳಗೆಲ್ಲ ಟವಲ್ಲಿನ ಹಾಗೆ ಒರಟು, ಹಳದಿ ಪದರ. ಇದು ರಕ್ತಭೇದಿ ಅಲ್ಲ ಅಲ್ವಾ? ಪುಡಿ ಕೊಟ್ಟೆ, ಎರಡು ದಿನಕ್ಕೆ ನಿಂತಿತು. ಅದಕ್ಕೇ ನನಗೆ ಪುಡಿ ಮೇಲೆ ನಂಬಿಕೆ.

ಹಳೇ ಡಾಕ್ಟ್ರು · ಜುಲೈ 13, ರಾತ್ರಿ 10:15

ನೀವು ಬರೆದದ್ದು ನೋಡಿದರೆ ಅದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ತರುವ ಕರುಳು ಕೊಳೆಯುವ ರೋಗದ ಹಾಗೆ ಕಾಣುತ್ತದೆ. ಅದು ಬ್ಯಾಕ್ಟೀರಿಯಾ. ಅಲ್ಲಿ ಸರಿಯಾದ ಆಂಟಿಬಯೋಟಿಕ್ ಬೇಕು, ನಾನೂ ಬರೆಯುತ್ತಿದ್ದೆ. ನಿಮ್ಮ ನಂಬಿಕೆ ಪೂರ್ತಿ ತಪ್ಪಲ್ಲ. ಆದರೆ ಆ ಬ್ಯಾಕ್ಟೀರಿಯಾ ಆರೋಗ್ಯವಾದ ಕೋಳಿಯ ಕರುಳಿನಲ್ಲೂ ಸ್ವಲ್ಪ ಇರುತ್ತದೆ. ಐಮೇರಿಯಾ ಕರುಳಿನ ಪದರ ಗಾಯ ಮಾಡಿದಾಗ, ಜೀರ್ಣವಾಗದ ಪ್ರೋಟೀನ್ ಕೆಳಗೆ ಇಳಿದಾಗ, ಮೀನಿನ ಪುಡಿ ಅತಿಯಾದಾಗ, ಗೋಧಿಯ ಅಂಟು ತುಂಬಿದಾಗ ಅದು ಎದ್ದು ನಿಲ್ಲುತ್ತದೆ. ಆ ಬ್ಯಾಚಿಗೆ ಏನು ಹಾಕಿದ್ದಿರಿ?

ಸಂತೆ ಕೋಳಿ · ಜುಲೈ 13, ರಾತ್ರಿ 10:40

ಮೀನಿನ ಪುಡಿ ಅಗ್ಗಕ್ಕೆ ಸಿಕ್ಕಿತ್ತು. ಜಾಸ್ತಿ ಹಾಕಿದ್ದೆ. ಗೋಧಿ ಇರಲಿಲ್ಲ.

ಮುಂದಿನ ಸಲ ಚೀಟಿ ಇರುವ ಡಬ್ಬಿ ಕೊಡಿ ಅಂತ ಅಂಗಡಿಯಲ್ಲಿ ಕೇಳುತ್ತೇನೆ. ಪೇಪರನ್ನೂ ಹಾಸಿ ನೋಡುತ್ತೇನೆ, ತಂಗಿ ನಗಬೇಡಿ.

ಪಶುವೈದ್ಯ ವಿದ್ಯಾರ್ಥಿನಿ · ಜುಲೈ 13, ರಾತ್ರಿ 10:45

ನಗಲಿಲ್ಲ ಅಣ್ಣ. ಸ್ವಲ್ಪ ನಕ್ಕೆ. ಆಂಟಿಬಯೋಟಿಕ್ ಕೊಟ್ಟರೆ ಡಬ್ಬಿಯ ಮೇಲೆ ಇಷ್ಟು ದಿನ ಮಾರಬಾರದು ಅಂತ ಬರೆದಿರುತ್ತದೆ, ಅದನ್ನೂ ನೋಡಿ.

ಕೋಡೂರು ಒಡ್ಡಿ · ಜುಲೈ 21, ರಾತ್ರಿ 8:30

ಹತ್ತು ದಿನದ ವರದಿ. ಒಟ್ಟು ಸತ್ತದ್ದು 11. ಕಳೆದ ಐದು ದಿನದಿಂದ ಸಾವಿಲ್ಲ.

ಹಸಿ ಹೊಟ್ಟು ಪೂರ್ತಿ ತೆಗೆದೆವು. ಹನ್ನೆರಡು ಬುಟ್ಟಿ ಆಯಿತು, ತೋಟದ ಮೂಲೆಗೆ ಒಯ್ದು ಮುಚ್ಚಿದೆ. ಹೊಸ ಭತ್ತದ ಹೊಟ್ಟನ್ನು ಅಡಿಕೆ ಡ್ರೈಯರ್ ಪಕ್ಕ ಎರಡು ದಿನ ಇಟ್ಟು ಹಾಸಿದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆಯಾಗಿ ನಿಂತರೆ ಕೆರೆದು ಒಣದು ಹಾಕಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿಕೊಟ್ಟರು. ಈಗ ನನ್ನ ಮಗಳು ಶಾಲೆಗೆ ಹೋಗುವ ಮೊದಲು ಶೆಡ್ಡಿಗೆ ಹೋಗಿ ಮುಷ್ಟಿ ಹಿಡಿದು 'ಉದುರ್ತು' ಅಂತ ಕೂಗಿ ಓಡುತ್ತಾಳೆ. ನೀರಿನ ಬಟ್ಟಲನ್ನು ಇಟ್ಟಿಗೆ ಮೇಲೆ ಏರಿಸಿದೆ, ಚೆಲ್ಲುವುದು ಅರ್ಧ ಕಡಿಮೆಯಾಯಿತು.

ಈಗಿನ ಮಿಕ್ಸ್: ಮೆಕ್ಕೆಜೋಳ 32, ನುಚ್ಚು 20, ಗೋಧಿ 10 ಒಡಕಲು, ತವುಡು 10, ಸೋಯಾ ಹಿಂಡಿ 25, ಉಳಿದದ್ದು ಮಿನರಲ್, ಚಿಪ್ಪು, ಚಿಟಿಕೆ ಲೆಕ್ಕದ ಉಪ್ಪು. ಒಣಮೀನು ಬಿಟ್ಟೆ. ಬೆಕ್ಕಿಗೆ ಬೇಸರವಾಗಿದೆ. ನಾಲ್ಕು ಜನ ಸೇರಿ ಕಿಣ್ವದ ಪ್ಯಾಕೆಟ್ ತಂದೆವು, ನನ್ನ ಪಾಲು ಹಾರ್ಲಿಕ್ಸ್ ಬಾಟ್ಲಿಯಲ್ಲಿದೆ.

ಖರ್ಚಿನ ಲೆಕ್ಕ ಹೇಳಬೇಕು. ಮದ್ದು, ಹೊಸ ಹೊಟ್ಟು, ಓಡಾಟ, 11 ಮರಿ ಎಲ್ಲ ಸೇರಿಸಿದರೆ ಆ ಅಗ್ಗದ ಗೋಧಿಯಲ್ಲಿ ಉಳಿಸಿದ್ದು ಹೋಗಿ ಇನ್ನೂ ಕೈಯಿಂದ ಬಿದ್ದಿದೆ. ಆರು ವಾರದವರೆಗೆ ಅಂಗಡಿ ಫೀಡನ್ನೇ ಹಾಕಿ, ಆಮೇಲೆ ಒಂದು ವಾರ ಬೆರೆಸುತ್ತಾ ಮನೆ ಫೀಡಿಗೆ ತಿರುಗಿಸಿದ್ದರೆ ಸಾಕಿತ್ತು. ಮುಂದಿನ ಬ್ಯಾಚಿಗೆ ಹಾಗೆ ಮಾಡುತ್ತೇನೆ.

ಇವತ್ತಿನ ಪೇಪರ್: 28ರಲ್ಲಿ 21 ಟೋಪಿ ಇಟ್ಟದ್ದು.

ಆಗುಂಬೆ ಮಳೆ · ಜುಲೈ 21, ರಾತ್ರಿ 9:00

ಪುಷ್ಯ ಮಳೆಯಲ್ಲಿ 28ಕ್ಕೆ 21! ಫಸ್ಟ್ ಕ್ಲಾಸ್ ಪಾಸ್ ಮಾರಾಯ್ರೇ. ಆ ಪೇಪರ್ ಯಾವುದು, ನಾವೂ ಅದನ್ನೇ ತರಿಸುತ್ತೇವೆ.

ಹೊಳೆಬದಿ ಬಾತು · ಜುಲೈ 23, ಮಧ್ಯಾಹ್ನ 3:20

ಪೂರ್ತಿ ಓದಿದೆ, ಉಪಕಾರ ಆಯಿತು. ನನ್ನದು ಚಿಕ್ಕ ಪ್ರಶ್ನೆ. ಸ್ವಲ್ಪ ಬೂಷ್ಟು ಹಿಡಿದ ಮೆಕ್ಕೆಜೋಳ ಅರ್ಧ ಮೂಟೆ ಇದೆ. ಕೋಳಿಗೆ ಹಾಕುವುದಿಲ್ಲ. ಬಾತುಕೋಳಿ ಮರಿ ಎಂಟಿವೆ, ಅವು ಕೆಸರಲ್ಲೇ ಬಿದ್ದಿರುತ್ತವೆ, ಏನು ತಿಂದರೂ ಅರಗಿಸಿಕೊಳ್ಳುತ್ತವೆ. ಅವಕ್ಕೆ ಹಾಕಬಹುದಾ?

ಹಳೇ ಡಾಕ್ಟ್ರು · ಜುಲೈ 23, ಮಧ್ಯಾಹ್ನ 3:35

ಬೇಡ, ಬೇಡ. ಈ ವಿಷಕ್ಕೆ ಎಲ್ಲಕ್ಕಿಂತ ಮೊದಲು ಬೀಳುವುದೇ ಬಾತಿನ ಮರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿ ಮರಿಗಳು ಸತ್ತಾಗ ಕಾರಣ ಗೊತ್ತಾಗದೆ ಎಕ್ಸ್ ರೋಗ ಅಂತ ಹೆಸರಿಟ್ಟರು. ಬ್ರೆಜಿಲ್‌ನಿಂದ ತಂದ ಶೇಂಗಾ ಹಿಂಡಿಯ ಬೂಷ್ಟು ಅಂತ ಆಮೇಲೆ ತಿಳಿಯಿತು. ಅಫ್ಲಾಟಾಕ್ಸಿನ್ ಅನ್ನುವ ಹೆಸರು ಹುಟ್ಟಿದ್ದೇ ಅಲ್ಲಿಂದ. ಟರ್ಕಿಗಿಂತಲೂ ಬಾತಿನ ಮರಿ ಸೂಕ್ಷ್ಮ. ಆ ಅರ್ಧ ಮೂಟೆಯನ್ನು ಕೋಳಿ, ಬಾತು ಹೋಗದ ಕಡೆ ಹೂತುಬಿಡಿ. ಮೂಟೆಯ ಚೀಲವನ್ನೂ ಸುಟ್ಟುಬಿಡಿ, ತೊಳೆದು ಮತ್ತೆ ಜೋಳ ತುಂಬಬೇಡಿ.

ಹೊಳೆಬದಿ ಬಾತು · ಜುಲೈ 23, ಮಧ್ಯಾಹ್ನ 3:41

ನಿನ್ನೆ ಸಂಜೆ ಒಂದು ಹಿಡಿ ಹಾಕಿದ್ದೆ ಡಾಕ್ಟ್ರೇ. ಈಗ ಹೋಗಿ ನೋಡಿ ಬರುತ್ತೇನೆ.